ಚಳಿಗಾಲದಲ್ಲಿ ಗಿಡಗಳೆಲ್ಲ ಮುನಿಸಿಕೊಂಡಿವೆ, ಶಿವರಾತ್ರಿವರೆಗೆ ನೀವೆಲ್ಲ ಏನು ಮಾಡುತ್ತೀರಿ?

ಮಹಡಿಹೀರೆ (ಚಿಕ್ಕಬಳ್ಳಾಪುರ), ಡಿಸೆಂಬರ್ 9

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕಬಳ್ಳಾಪುರ ಟೌನು. ಮಹಡಿ ಮೇಲೆ ನಲವತ್ತು ಚಿಲ್ಲರೆ ಕುಂಡಗಳಿವೆ. ಪಕ್ಕದಲ್ಲಿ ಒಂದು ಖಾಲಿ ಸೈಟು. ಅದರ ಓನರ್ ಇರುವುದು ಬೆಂಗಳೂರಲ್ಲಿ. "ಏನಾದ್ರೂ ಬೆಳ್ಕೊಳಿ, ಹಾವು ಸೇರದ ಹಾಗೆ ನೋಡ್ಕೊಳಿ ಸಾಕು" ಅಂದಿದ್ದಾರೆ.

ದೀಪಾವಳಿವರೆಗೂ ಎಲ್ಲ ಚೆನ್ನಾಗಿತ್ತು. ಬೆಟ್ಟದ ಕಡೆಯಿಂದ ಆ ಕೊರೆಯುವ ಗಾಳಿ ಶುರುವಾಗಿದ್ದೇ ತಡ, ಗಿಡಗಳೆಲ್ಲ ಮುನಿಸಿಕೊಂಡು ಕೂತಿವೆ. ಬೆಂಡೆ ಬೀಜ ಹಾಕಿ ಹದಿನೆಂಟು ದಿನ ಆಯಿತು. ಹನ್ನೆರಡರಲ್ಲಿ ಎರಡು ತಲೆ ಎತ್ತಿದವು, ಅವೂ ಎರಡೆಲೆ ಬಿಟ್ಟು ನಿಂತುಬಿಟ್ಟವು. ಕರಿಬೇವಿನಲ್ಲಿ ಒಂದು ಚಿಗುರಿಲ್ಲ. ಮಲ್ಲಿಗೆ ಸುಮ್ನೆ ನಿಂತಿದೆ. ಹೀರೆ ಎಲೆ ಮೇಲೆ ಯಾರೋ ಮೈದಾ ಉದುರಿಸಿದ ಹಾಗೆ ಬೂದಿ.

ಹಿಮ ಬೀಳುವ ದೇಶದವರ ವಿಡಿಯೋ ನೋಡುತ್ತೇನೆ. ಒಲೆ ಪಕ್ಕ ಕೂತು ಬೀಜದ ಕ್ಯಾಟಲಾಗ್ ತಿರುವುತ್ತಾರೆ, ನೋಟ್‌ಬುಕ್ಕಲ್ಲಿ ಪಾತಿಗಳ ಚಿತ್ರ ಬರೆಯುತ್ತಾರೆ. ಹೊಟ್ಟೆಕಿಚ್ಚಾಗುತ್ತದೆ. ನಮಗೆ ಹಿಮವೂ ಇಲ್ಲ, ಕ್ಯಾಟಲಾಗೂ ಇಲ್ಲ. ಸಂಜೆ ಮಹಡಿ ಹತ್ತುತ್ತೇನೆ, ಪ್ರತಿ ಕುಂಡದ ಮಣ್ಣು ಮುಟ್ಟುತ್ತೇನೆ, ಬೇಡದಿದ್ದರೂ ಒಂದು ಚೊಂಬು ನೀರು ಹಾಕಿ ಇಳಿದು ಬರುತ್ತೇನೆ. ಕೈ ಸುಮ್ಮನಿರುವುದಿಲ್ಲ. ನೀವೆಲ್ಲ ಹೇಗೆ ಕಾಲ ಕಳೆಯುತ್ತೀರಿ?

ಹಾಂ, ಇನ್ನೊಂದು. ಊರಿಂದ ತಂದ ಸೊಗಡವರೆ ಬೀಜ ಜುಲೈನಲ್ಲಿ ಹಾಕಿದ್ದೆ. ಬಳ್ಳಿ ಪ್ಯಾರಾಪೆಟ್ ತುಂಬ ಹಬ್ಬಿದೆ, ಎಲೆ ಅಂಗೈ ಅಗಲ. ಹೂವು ಮಾತ್ರ ಒಂದೂ ಇಲ್ಲ! ಊರಲ್ಲಿ ಅದೇ ಬೀಜದ್ದು ಕಾಯಾಗಿ ಎರಡು ಸಲ ಸಾರೂ ಆಗಿದೆ. ಗೊಬ್ಬರ ಜಾಸ್ತಿ ಆಯಿತಾ?

ಸೊಗಡು_ಕೋಲಾರ

ಕಾಯುವುದಾ? ಚಳಿಗಾಲದಲ್ಲಿ ಯಾರಾದರೂ ಕಾಯುತ್ತಾರಾ ಸ್ವಾಮಿ? ಇದೇ ನಮ್ಮ ಸೀಸನ್ನು! ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ, ಕ್ಯಾರೆಟ್, ಬಟಾಣಿ, ಹೂಕೋಸು ಎಲ್ಲ ಈಗಲೇ ಚೆಂದ. ಕೊತ್ತಂಬರಿಯನ್ನು ಏಪ್ರಿಲ್‌ನಲ್ಲಿ ಹಾಕಿ ನೋಡಿ, ಗೇಣುದ್ದ ಆಗುವ ಮೊದಲೇ ಹೂವಿಗೆ ಬಂದು ಕೂತಿರುತ್ತದೆ. ನವೆಂಬರ್ ಕೊನೆಯಲ್ಲಿ ಬೆಂಡೆ ಹಾಕಿದ್ದು ನಿಮ್ಮ ತಪ್ಪು, ಚಳಿಯದ್ದಲ್ಲ.

ಹೂವಿನಬುಟ್ಟಿ

ಬೆಂಡೆ ವಿಷಯ ನಿಜ. ಅದಕ್ಕೆ ಮಣ್ಣು ಬೆಚ್ಚಗಿರಬೇಕು. ಇಲ್ಲಾಂದ್ರೆ ಬೀಜ ಮಣ್ಣಲ್ಲೇ ಕೊಳೆಯುತ್ತದೆ. ಫೆಬ್ರವರಿ ಎರಡನೇ ವಾರ ಹಾಕಿ, ಐದಾರು ದಿನಕ್ಕೆ ಎದ್ದು ಬರುತ್ತದೆ.

ಆದರೆ ಮಲ್ಲಿಗೆ "ಸುಮ್ನೆ ನಿಂತಿದೆ" ಅಂದಿರಲ್ಲ, ಅದನ್ನು ಓದಿ ನನ್ನ ಕೈ ಕಡಿಯಿತು. ದುಂಡು ಮಲ್ಲಿಗೆ ಸವರಬೇಕಾದ ಕಾಲವೇ ಇದು. ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರದೊಳಗೆ. ಅದಕ್ಕೆ ಮುಂಚೆ ಒಂದು ವಾರ ಹತ್ತು ದಿನ ನೀರು ನಿಲ್ಲಿಸಿ. ಆಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಒಣಗಿದ ಕಡ್ಡಿ ತೆಗೆದು, ಉಳಿದ ಎಲೆ ಕಿತ್ತು ಬೋಳು ಮಾಡಿ. ನೋಡಿದರೆ ಅಳು ಬರುತ್ತದೆ. ನಮ್ಮ ಅತ್ತೆ ಮೊದಲ ವರ್ಷ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮಾರ್ಚ್‌ನಲ್ಲಿ ಮೊರ ತುಂಬ ಮೊಗ್ಗು ಬಿಡಿಸಿಕೊಂಡು ಬಂದು ಅಂಗಳದಲ್ಲಿ ಕೂತು ಕಟ್ಟಿದರಲ್ಲ, ಆವಾಗಲೂ ಏನೂ ಹೇಳಲಿಲ್ಲ. ಒಂದು ಮೊಳ ಜಾಸ್ತಿ ಕೊಟ್ಟರು ಅಷ್ಟೇ.

ಬಾನಿಗೆಬಾಯಿ (ಸಿರಾ ಕಡೆ)

@ಸೊಗಡು_ಕೋಲಾರ, ನಲ್ಲಿ ತಿರುಗಿಸಿದರೆ ನೀರು ಬರುವವರು ಹೇಳುವ ಮಾತು ಇದು. ನಮ್ಮದು ಮಳೆ ನಂಬಿದ ಎರಡೂವರೆ ಎಕರೆ. ರಾಗಿ ಕೊಯ್ದು ಮೆದೆ ಹಾಕಿದ್ದೇವೆ, ಸಾಲು ತೊಗರಿ ಅವರೆ ನಿಂತಿದೆ. ಅದೂ ಮುಗಿದರೆ ಸಂಕ್ರಾಂತಿಯಿಂದ ಏಪ್ರಿಲ್‌ವರೆಗೆ ಆಕಾಶ ನೋಡುವುದೇ ಕೆಲಸ. ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ 13, 14ಕ್ಕೆ. ಭರಣಿ 27ರ ಹೊತ್ತಿಗೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಆ ಭರಣಿಗೆ ಕಾಯುವವರು ನಾವು. ಕಾಯುವುದು ಅಂದರೆ ಏನು ಅಂತ ನಮ್ಮನ್ನು ಕೇಳಿ.

ಸೊಗಡು_ಕೋಲಾರ

ನಮ್ಮ ನಲ್ಲಿಯಲ್ಲಿ ನೀರಾ? ಕೋಲಾರ ಜಿಲ್ಲೆ ಅಣ್ಣಾ. ಸಾವಿರದ ಇನ್ನೂರು ಅಡಿ ಕೊರೆಸಿದ ಬೋರಲ್ಲಿ ಧೂಳು ಬಂದಿದ್ದು ಕಣ್ಣಾರೆ ನೋಡಿದವನು ನಾನು. 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ, ಅದರ ಬಗ್ಗೆ ಇಲ್ಲಿ ಶುರು ಮಾಡಿದರೆ ಈ ಚರ್ಚೆ ಯುಗಾದಿಗೂ ಮುಗಿಯುವುದಿಲ್ಲ. ನಾನು ಹೇಳಿದ್ದು ಕುಂಡದ ವಿಷಯ ಮಾತ್ರ. ಪಾತ್ರೆ ತೊಳೆದ ನೀರಲ್ಲಿ ಸೊಪ್ಪು ಬೆಳೆಯುತ್ತೇವೆ ನಾವು.

ಬಾನಿಗೆಬಾಯಿ

ಹಂಗಾದ್ರೆ ಸರಿ, ಮಾತು ವಾಪಸ್. ಅಂದ ಹಾಗೆ ಕಾಯುವಾಗ ಕೈಕಟ್ಟಿ ಕೂರುವುದಿಲ್ಲ. ಮಾಗಿ ಉಳುಮೆ ಇದೆ. ಕೊಯ್ಲಾದ ಮೇಲೆ ಮಣ್ಣಲ್ಲಿ ಸ್ವಲ್ಪ ಹಸಿ ಇರುವಾಗಲೇ ಒಂದು ಸಲ ಉತ್ತುಬಿಟ್ಟರೆ ಒಳಗೆ ಮಲಗಿರುವ ಹುಳದ ಕೋಶ ಮೇಲೆ ಬೀಳುತ್ತದೆ. ನೇಗಿಲ ಹಿಂದೆಯೇ ಬೆಳ್ಳಕ್ಕಿ, ಮೈನಾ ಸಾಲಾಗಿ ಬರುತ್ತವೆ. ಮುಂದೆ ಬೇಸಿಗೆ ಮಳೆ ಬಿದ್ದರೆ ನೀರು ಹರಿದು ಹೋಗದೆ ಇಂಗುತ್ತದೆ. @ಮಹಡಿಹೀರೆ, ನಿಮ್ಮ ಸೈಟಲ್ಲಿ ಗುದ್ದಲಿ ಹಿಡಿದು ಅಷ್ಟು ಮಾಡಿ. ಚಳಿಯೂ ಬಿಡುತ್ತದೆ.

ಶಿಡ್ಲಘಟ್ಟ_ಗೂಡು

ನಮಗೆ ಬಿಡುವೇ ಇಲ್ಲ. ರೇಷ್ಮೆ ಹುಳು ಮನೆಯಲ್ಲಿ ಚಳಿಗೆ ಇದ್ದಿಲ ಒಲೆ ಇಟ್ಟು ರಾತ್ರಿ ಎರಡು ಸಲ ಎದ್ದು ಥರ್ಮಾಮೀಟರ್ ನೋಡುತ್ತಿದ್ದೇವೆ. ಕಾಲ ಕಳೆಯುವುದು ಹೇಗೆ ಅಂತ ಕೇಳುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಮಾವಿನಮರಿ (ಶ್ರೀನಿವಾಸಪುರ)

ನಮ್ಮ ಕಡೆ ಚಳಿಗಾಲದ ಕೆಲಸ ಅಂದರೆ ಕೆಲಸ ಮಾಡದೆ ಇರುವುದು. ತಮಾಷೆಯಲ್ಲ. ಮಾವಿನ ಮರಕ್ಕೆ ಹೂವು ಕಟ್ಟುವ ಮೊದಲು ಒಣ ಚಳಿ ಬೇಕು, ಬಾಯಾರಿಕೆ ಬೇಕು. ನವೆಂಬರ್ ಡಿಸೆಂಬರಲ್ಲಿ ಪಾಪ ಅಂತ ನೀರು ಕೊಟ್ಟರೆ ಕೆಟ್ಟಿರಿ.

ಮೂರು ವರ್ಷದ ಹಿಂದೆ ನಾನು ಮದುವೆಗೆ ಅಂತ ಹತ್ತು ದಿನ ಊರಲ್ಲಿರಲಿಲ್ಲ. ನಮ್ಮ ಭಾವಮೈದ ಒಳ್ಳೆಯವನು, ಕೆಲಸಕ್ಕೆ ಹೆದರುವವನಲ್ಲ, ಅದೇ ತೊಂದರೆ. "ಮರ ಒಣಗ್ತಿತ್ತು ಭಾವ" ಅಂತ ಮನೆ ಹಿಂದಿನ ನಾಲ್ಕು ಬಾದಾಮಿ ಮಾವಿನ ಮರಕ್ಕೆ ದಿನಾ ಡ್ರಿಪ್ ಬಿಟ್ಟಿದ್ದ. ಜನವರಿಯಲ್ಲಿ ತೋಟದ ಮರಗಳೆಲ್ಲ ಹಳದಿ ಹೂವಿನ ಗೊಂಚಲು. ಈ ನಾಲ್ಕರ ತುಂಬ ತಾಮ್ರದ ಬಣ್ಣದ ಎಳೆ ಚಿಗುರು, ನೋಡೋಕೆ ಏನು ಚೆಂದ! ಆ ವರ್ಷ ನಾಲ್ಕು ಮರಕ್ಕೆ ಸೇರಿ ಒಂದು ಬುಟ್ಟಿ ಕಾಯಿ. ಈಗ ಡಿಸೆಂಬರ್ ಬಂದರೆ ವಾಲ್ವ್ ಕೀಲಿ ನನ್ನ ಉಡದಾರದಲ್ಲಿ ಇರುತ್ತದೆ.

ಈಗ ಬೆಳಿಗ್ಗೆ ಎದ್ದು ಹೂವಿನ ಗೊಂಚಲು ತಟ್ಟಿ ನೋಡುವುದೇ ನನ್ನ ಪಾಸ್‌ಟೈಮು. ಹೂವಿನ ರಸ ಹೀರುವ ಜಿಗಿಹುಳು ಚಟಚಟ ಹಾರಿದರೆ ಎದೆ ಢವಢವ. ಹಾರದಿದ್ದರೆ ಕಾಫಿ.

ಅಜ್ಜಿಡಬ್ಬಿ (ಗುಬ್ಬಿ)

ಬೀಜದ ಕೆಲಸ ಯಾರೂ ಹೇಳಲಿಲ್ಲವಲ್ಲ! ನನಗೆ ಧನುರ್ಮಾಸ ಅಂದರೆ ಅದೇ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಬಿಸಿಲು ಬಿದ್ದ ಮೇಲೆ ಜಗುಲಿಯಲ್ಲಿ ಮೊರ ಹಾಕಿಕೊಂಡು ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಸೋರೆ ಬುರುಡೆ ಅಲ್ಲಾಡಿಸಿದರೆ ಒಳಗೆ ಗಿಲಿಗಿಲಿ ಅನ್ನಬೇಕು, ಆಗ ಅದರ ಬೀಜ ಬಲಿತಿದೆ ಅಂತ. ಬದನೆಯನ್ನು ಹಳದಿ ತಿರುಗುವ ತನಕ ಗಿಡದಲ್ಲೇ ಬಿಟ್ಟಿರುತ್ತೇನೆ. ಟೊಮೇಟೊ ತಿರುಳನ್ನು ಎರಡು ಮೂರು ದಿನ ಲೋಟದಲ್ಲಿ ಹುಳಿ ಬರಿಸಿ, ಬೀಜದ ಮೇಲಿನ ಲೋಳೆ ಬಿಟ್ಟ ಮೇಲೆ ತೊಳೆದು ತಟ್ಟೆಯಲ್ಲಿ ಒಣಗಿಸುತ್ತೇನೆ. ಪೇಪರ್ ಮೇಲೆ ಹಾಕಬೇಡಿ, ಅಂಟಿಕೊಂಡು ಆಮೇಲೆ ರಾಶಿಫಲದ ಸಮೇತ ಬಿತ್ತಬೇಕಾಗುತ್ತದೆ.

ಅವರೆ, ತೊಗರಿ ಬೀಜಕ್ಕೆ ಕೆಮ್ಮಣ್ಣು ಕಲಸಿ ಹಚ್ಚಿ, ಬಿಸಿಲಲ್ಲಿ ಗಲಗಲ ಅನ್ನುವ ತನಕ ಒಣಗಿಸಿ, ಬೇವಿನೆಲೆ ಹಾಕಿ ಮಡಕೆಗೆ. ನಮ್ಮ ಅಜ್ಜಿ ಮಾಡುತ್ತಿದ್ದುದು ಹೀಗೆ, ನಾನೂ ಹೀಗೇ.

ಟೆಕ್ಕಿ_ತೊಂಡೆ (ತುಮಕೂರು)

ಅಜ್ಜಿ ಕಾಲದಲ್ಲಿ ಫ್ರಿಜ್ ಇರಲಿಲ್ಲ, ಅದಕ್ಕೆ ಕೆಮ್ಮಣ್ಣು. ಈಗ ಇದೆಯಲ್ಲ. ಗಾಳಿಯಾಡದ ಡಬ್ಬಿಗೆ ಹಾಕಿ ಒಳಗಿಟ್ಟರೆ ಆಯಿತು, ಇಷ್ಟೆಲ್ಲ ಯಾಕೆ?

ಅಜ್ಜಿಡಬ್ಬಿ

ಇಟ್ಟು ನೋಡಿದ್ದೀರಾ ಅಥವಾ ಸುಮ್ನೆ ಹೇಳುತ್ತಿದ್ದೀರಾ?

ಟೆಕ್ಕಿ_ತೊಂಡೆ

ಒಪ್ಪಿಕೊಳ್ಳುತ್ತೇನೆ, ಹೋದ ವರ್ಷ ಅಲಸಂದೆ ಬೀಜ ಸ್ಟೀಲ್ ಡಬ್ಬಿಗೆ ಹಾಕಿ ಟೈಟ್ ಮುಚ್ಚಿ ಕಪಾಟಲ್ಲಿಟ್ಟಿದ್ದೆ. ಮೇ ತಿಂಗಳಲ್ಲಿ ತೆರೆದರೆ ಅರ್ಧ ಡಬ್ಬಿ ಹಿಟ್ಟು, ಪ್ರತಿ ಕಾಳಿಗೂ ದುಂಡನೆಯ ತೂತು. ಮುಚ್ಚಿದ ಡಬ್ಬಿಗೆ ಹುಳ ಎಲ್ಲಿಂದ ಬಂತು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಬಿತ್ತನೆಮೇಷ್ಟ್ರು

ಹೊರಗಿಂದ ಬಂದಿದ್ದಲ್ಲ. ನೀವೇ ಒಳಗಿಟ್ಟಿದ್ದು. ಆ ದುಂಬಿ ಹೊಲದಲ್ಲೇ, ಕಾಯಿ ಒಣಗುವಾಗಲೇ ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳೊಳಗೆ ಕೊರೆದು ಹೋಗಿರುತ್ತದೆ. ಹೊರಗಿಂದ ನೋಡಿದರೆ ಕಾಳು ನುಣ್ಣಗಿರುತ್ತದೆ. ಡಬ್ಬಿಯಲ್ಲಿ ಬೆಚ್ಚಗಾದ ಮೇಲೆ ತೂತು ಮಾಡಿ ಹೊರಗೆ ಬಂದು, ಮತ್ತೆ ಪಕ್ಕದ ಕಾಳಿಗೆ ಮೊಟ್ಟೆ.

ಹಾಗಾಗಿ ಇಬ್ಬರದ್ದೂ ಅರ್ಧ ಸರಿ. ಚೆನ್ನಾಗಿ ಒಣಗಿದ ಕಾಳನ್ನು ಫ್ರಿಜ್ಜಿನ ಕೆಳಗಿನ ಭಾಗದಲ್ಲಲ್ಲ, ಫ್ರೀಜರಲ್ಲಿ ಒಂದು ವಾರ ಇಟ್ಟರೆ ಒಳಗಿನದ್ದು ಸಾಯುತ್ತದೆ. ಒಣಗದ ಕಾಳು ಇಟ್ಟರೆ ಬೀಜವೂ ಸಾಯುತ್ತದೆ, ಎಚ್ಚರ. ಹಲ್ಲಲ್ಲಿ ಕಡಿದರೆ ಟಕ್ ಅಂತ ಒಡೆಯಬೇಕು, ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಕೆಮ್ಮಣ್ಣು, ಬೂದಿ ಕೂಡ ಮೂಢನಂಬಿಕೆ ಅಲ್ಲ. ಆ ನುಣುಪು ಪುಡಿ ದುಂಬಿಯ ಮೈ ಉಜ್ಜಿ ಅದರ ನೀರಿನಂಶ ಒಣಗಿಸುತ್ತದೆ. ಹರಳೆಣ್ಣೆ ಸವರಿದರೆ ಮೊಟ್ಟೆ ಉಸಿರು ಕಟ್ಟುತ್ತದೆ.

ಇನ್ನೊಂದು ಕೆಲಸ ಈಗ ಮಾಡಿ. ಹಳೇ ಬೀಜ ಪರೀಕ್ಷೆ. ಹತ್ತು ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿರುವ ಕಡೆ ಇಡಿ. ಏಳು ಮೊಳೆತರೆ ಎಪ್ಪತ್ತು ಪರ್ಸೆಂಟ್. ಮೂರೇ ಬಂದರೆ ದಟ್ಟವಾಗಿ ಬಿತ್ತಿ ಅಥವಾ ಎಸೆಯಿರಿ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ನಂಬಬೇಡಿ. ಟೊಮೇಟೊ, ಸೌತೆ ನಾಲ್ಕು ವರ್ಷ ಆದರೂ ಬರುತ್ತವೆ.

ಟೆಕ್ಕಿ_ತೊಂಡೆ

ಬೆಚ್ಚಗಿರುವ ಕಡೆ = ಸೆಟ್‌ಟಾಪ್ ಬಾಕ್ಸ್ ಮೇಲೆ. ಪರೀಕ್ಷಿಸಿದ್ದು. ಮನೆಯವರಿಗೆ ಹೇಳಬೇಡಿ.

ಮಹಡಿಹೀರೆ

ಅಬ್ಬಾ, ಒಂದೇ ದಿನಕ್ಕೆ ಇಷ್ಟು! @ಹೂವಿನಬುಟ್ಟಿ, ಮಲ್ಲಿಗೆ ನೀರು ಇವತ್ತೇ ನಿಲ್ಲಿಸಿದೆ. ಬೀಜ ಅಂದಾಗ ನೆನಪಾಯಿತು. ಆನ್‌ಲೈನಲ್ಲಿ "ಹದಿನೈದು ಬಗೆ ತರಕಾರಿ" ಅಂತ ಒಂದು ಪ್ಯಾಕೆಟ್ ತರಿಸಿದ್ದೆ. ಹದಿನೈದರಲ್ಲಿ ಆರು ಪೊಟ್ಟಣದಲ್ಲಿ ಒಂದೇ ಥರದ ಬೀಜ. ಹೆಸರು ಮಾತ್ರ ಬೇರೆ ಬೇರೆ. "ಕೆಂಪು ಬೆಂಡೆ" ಅಂತಿದ್ದರಲ್ಲಿ ಹಾಗಲ ಬಂತು.

ಸೊಗಡು_ಕೋಲಾರ

ಹಾಗಲ ಬಂತಲ್ಲ, ಪುಣ್ಯ ಮಾಡಿದ್ದೀರಿ. ನನಗೆ ಬಂದಿದ್ದರಲ್ಲಿ ಮೊಳೆತಿದ್ದು ಕಳೆ ಮಾತ್ರ.

ಬಾನಿಗೆಬಾಯಿ

ಬೀಜ ನವೆಂಬರಲ್ಲಿ ಬೆಂಗಳೂರಿನ ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯ) ಕೃಷಿ ಮೇಳಕ್ಕೆ ಹೋಗಿ ತನ್ನಿ. ಅದು ಈ ವರ್ಷ ತಪ್ಪಿತು ಅಂದರೆ ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಬನ್ನಿ, ದನದ ಜಾತ್ರೆ ಜೊತೆಗೆ ವಸ್ತು ಪ್ರದರ್ಶನವೂ ಇರುತ್ತದೆ. ನಾನು ಬರೀ ಎತ್ತು ನೋಡೋಕೆ ಹೋಗುತ್ತೇನೆ. ಕೊಳ್ಳುವುದಿಲ್ಲ. ಹಲ್ಲು ಎಣಿಸಿ, ರೇಟು ಕೇಳಿ, ತಲೆ ಅಲ್ಲಾಡಿಸಿ, ಮುಂದಿನ ಜೋಡಿಗೆ ಹೋಗುವುದು. ನಿಮ್ಮ ಕ್ಯಾಟಲಾಗ್ ಅಂದಿರಲ್ಲ, ಅದೇ ನಮ್ಮ ಕ್ಯಾಟಲಾಗು.

ಹುಣಸೆಪಿಕ್ಕ

ಬೀಜ ಎಣಿಸಿ ಎಣಿಸಿ ಸುಸ್ತಾದರೆ ಅಳಗುಳಿಮಣೆ ಆಡಿ! ನಮ್ಮನೆಯಲ್ಲಿ ಹುಣಸೆ ಬೀಜದಲ್ಲೇ ಆಟ. ಅದೇ ಬೀಜವನ್ನು ಎರಡು ಸೀಳು ಮಾಡಿ ಚೌಕಾಬಾರಕ್ಕೆ ದಾಳ, ಬಿಳಿ ಮೇಲೆ ಬಿದ್ದಿದ್ದು ಲೆಕ್ಕ. ಹೋದ ವರ್ಷ ಮಗಳು ನಾನು ಬಿತ್ತನೆಗೆ ಎತ್ತಿಟ್ಟ ಕಪ್ಪು ಅವರೆ ಬೀಜ ತೆಗೆದು ಮಣೆಗೆ ಹಾಕಿದ್ದಳು. ಆಟ ಮುಗಿದಾಗ ನಲವತ್ತಕ್ಕೆ ಮೂವತ್ತೊಂದು. ಉಳಿದ ಒಂಬತ್ತು ಸೋಫಾ ಕೆಳಗೆ ಜೂನ್‌ನಲ್ಲಿ ಸಿಕ್ಕವು. ಅವನ್ನೂ ಹಾಕಿದೆ, ಎಂಟು ಬಂದವು.

ಬಾನಿಗೆಬಾಯಿ

ನಮ್ಮೂರಲ್ಲಿ ಒಕ್ಕಣೆ ಮುಗಿದರೆ ನಾಟಕ. ಹಾರ್ಮೋನಿಯಂ ಮೇಷ್ಟ್ರು ಬಂದಾಯಿತು. ನನಗೆ ಈ ಸಲ ಶಕುನಿ ಪಾರ್ಟು. ಹೊಲದಲ್ಲಿ ಕಾವಲು ಕೂತು ಕಂದ ಪದ್ಯ ಹಾಡುತ್ತಿದ್ದೇನೆ, ನವಿಲು ಕೂಡ ಹತ್ತಿರ ಬರುತ್ತಿಲ್ಲ.

ಅಜ್ಜಿಡಬ್ಬಿ

ಗುಬ್ಬಿ ವೀರಣ್ಣನವರ ಊರಿನವಳು ನಾನು, ನಾಟಕದ ಬಗ್ಗೆ ಹುಷಾರಾಗಿ ಮಾತಾಡಿ 😄

ಹಸಿರುಗೊಬ್ಬರ (ಮಾಲೂರು)

ಯಾರೂ ಹೇಳದೇ ಬಿಟ್ಟಿದ್ದು: ಅವರೆಕಾಯಿ ಸಿಪ್ಪೆ! ಈ ಎರಡು ತಿಂಗಳು ನಮ್ಮ ಬೀದಿಯಲ್ಲಿ ಪ್ರತಿ ಮನೆ ಮುಂದೆ ಮೂಟೆಗಟ್ಟಲೆ ಬೀಳುತ್ತದೆ. ನಾನು ಸಂಜೆ ಚೀಲ ಹಿಡಿದು ಹೋಗುತ್ತೇನೆ, ಎಲ್ಲರೂ ದನಕ್ಕೆ ಅಂದುಕೊಂಡಿದ್ದಾರೆ. ಒಂದು ಪದರ ಸಿಪ್ಪೆ, ಒಂದು ಪದರ ಒಣಗಿದ ಹೊಂಗೆ ಎಲೆ, ಮೇಲೆ ಹಿಡಿ ಮಣ್ಣು, ಹುಳಿ ಮಜ್ಜಿಗೆ ಚಿಮುಕಿಸಿ. ಮೂರನೇ ದಿನ ಕೈ ಹಾಕಿದರೆ ಒಳಗೆ ಬಿಸಿ ನೀರಿನ ಹಂಡೆ ಮುಟ್ಟಿದ ಹಾಗೆ. ಚಳಿಯ ಬೆಳಿಗ್ಗೆ ಮೇಲೆ ಹಬೆ ಆಡುತ್ತಿರುತ್ತದೆ. ನಮ್ಮ ಬೀದಿ ನಾಯಿಗೆ ಇದು ಗೊತ್ತು, ರಾತ್ರಿ ಅದರ ಪಕ್ಕವೇ ಮಲಗುತ್ತದೆ. ಯುಗಾದಿ ಹೊತ್ತಿಗೆ ಕಪ್ಪಗೆ, ಕಾಫಿ ಪುಡಿ ಥರ.

ಹೊಂಗೆ ಎಲೆ ಉದುರಿಸುವುದು ಸಂಕ್ರಾಂತಿ ಆಚೆಗೆ. ಅಲ್ಲಿಯವರೆಗೆ ರಾಗಿ ಹೊಟ್ಟು, ತೆಂಗಿನ ನಾರಿನ ಪುಡಿ ಯಾವುದಾದರೂ ನಡೆಯುತ್ತದೆ.

ಕೊಬ್ಬರಿಕಂಟ (ತಿಪಟೂರು)

ತೆಂಗಿನ ನಾರಿನ ಪುಡಿ ಹಾಕುವ ಮೊದಲು ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಚೆಲ್ಲಿ. ಉಪ್ಪಿನಂಶ ಇರುತ್ತದೆ. ಹೇಳಿಲ್ಲ ಅನ್ನಬೇಡಿ.

ಹೂವಿನಬುಟ್ಟಿ

@ಮಹಡಿಹೀರೆ, ಹೀರೆ ಬೂದಿರೋಗಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇಬ್ಬನಿ ನೀರು ಎಲೆ ಮೇಲೆ ನಿಂತು ಬರುವುದು ಅದು.

ಬಿತ್ತನೆಮೇಷ್ಟ್ರು

ಅಲ್ಲ. ಬೂದಿರೋಗಕ್ಕೆ ಎಲೆ ಒದ್ದೆಯಾಗಬೇಕಂತಿಲ್ಲ. ಹಗಲು ಒಣ ಹವೆ, ರಾತ್ರಿ ತಂಪು, ಅಷ್ಟು ಸಾಕು. ಕೆಳಗಿನ ಹಳೇ ಎಲೆ ಕಿತ್ತು ಬಿಸಾಕಿ, ಗಾಳಿಯಾಡಲಿ. ಹೀರೆಯ ಕಾಲ ಮುಗಿಯಿತು, ಬಿಟ್ಟುಬಿಡಿ. ಹೆಸರಲ್ಲಿ ಹೀರೆ ಇದೆ ಅಂತ ಹಟ ಬೇಡ.

ಸೇವಂತಿಗೆಸಾಲು (ಚಿಕ್ಕಬಳ್ಳಾಪುರ), ಡಿಸೆಂಬರ್ 12

ತಡವಾಗಿ ಓದಿದೆ. ಎಲ್ಲರೂ ಎಲ್ಲ ಹೇಳಿದಿರಿ, ಅವರೆ ಹೂ ಬಿಟ್ಟಿಲ್ಲ ಅನ್ನುವುದಕ್ಕೆ ಒಬ್ಬರೂ ಬಾಯಿ ಬಿಡಲಿಲ್ಲ. ಒಂದೇ ಪ್ರಶ್ನೆ: ನಿಮ್ಮ ಮಹಡಿ ಪಕ್ಕ ಬೀದಿ ದೀಪ ಇದೆಯಾ?

ಮಹಡಿಹೀರೆ

ಇದೆ. ಪ್ಯಾರಾಪೆಟ್‌ನಿಂದ ಎಂಟು ಅಡಿ. ಆಗಸ್ಟಲ್ಲಿ ಹಳೇ ಹಳದಿ ದೀಪ ತೆಗೆದು ಬಿಳಿ ಎಲ್ಇಡಿ ಹಾಕಿದರು. ಮಹಡಿ ಮೇಲೆ ರಾತ್ರಿ ಪೇಪರ್ ಓದಬಹುದು. ಯಾಕೆ?

ಸೇವಂತಿಗೆಸಾಲು

ಅದೇ. ಸೊಗಡವರೆ ಹೂ ಬಿಡುವುದು ಹಗಲು ಚಿಕ್ಕದಾಗಿ ರಾತ್ರಿ ಉದ್ದವಾದಾಗ. ಅದಕ್ಕೇ ಅವರೆ ಅಂದರೆ ಮಾಗಿ ಕಾಲ. ನಿಮ್ಮ ಬಳ್ಳಿಗೆ ರಾತ್ರಿಯೇ ಆಗಿಲ್ಲ ಪಾಪ, ಇನ್ನೂ ಜೂನ್ ಅಂದುಕೊಂಡು ಎಲೆ ಬಿಡುತ್ತಾ ಕೂತಿದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ಸೇವಂತಿಗೆಯದ್ದೂ ಇದೇ ಸ್ವಭಾವ. ನಾವು ಬೇಕಂತಲೇ ಹೊಲದ ಉದ್ದಕ್ಕೂ ಬಲ್ಬು ಕಟ್ಟಿ ರಾತ್ರಿ ಬೆಳಕು ಕೊಡುತ್ತೇವೆ. ಗಿಡ ಹೂವಿಗೆ ಹೋಗದೆ ಎತ್ತರ ಬೆಳೆಯಲಿ ಅಂತ. ಸಾಕು ಅನ್ನಿಸಿದಾಗ ಸ್ವಿಚ್ ಆಫ್, ಆಮೇಲೆ ಮೊಗ್ಗು. ರಾತ್ರಿ ಬಸ್ಸಲ್ಲಿ ಹೋಗುವವರು ಯಾವುದೋ ಜಾತ್ರೆ ಅಂದುಕೊಳ್ಳುತ್ತಾರೆ.

ವರ್ಷ ಪೂರ್ತಿ ಬರುವ ಅವರೆ ಅಂತ ಪೇಟೆಯಲ್ಲಿ ಸಿಗುತ್ತದಲ್ಲ, ಹೆಬ್ಬಾಳದ ತಳಿಗಳು, ಎಚ್ಎ-3, ಎಚ್ಎ-4 ಥರದ್ದು, ಅವಕ್ಕೆ ಈ ರಾತ್ರಿ ಹಗಲಿನ ಲೆಕ್ಕ ಇಲ್ಲ. ನಿಮ್ಮದು ನಾಟಿ ಬೀಜ, ಲೆಕ್ಕ ಇಡುತ್ತದೆ.

ಸೊಗಡು_ಕೋಲಾರ

ಆ ತಳಿಗಳಲ್ಲಿ ನಾಟಿಯಷ್ಟು ಸೊಗಡೂ ಇಲ್ಲ ಅಂತ ಸೇರಿಸಿ. ಅಂಗಡಿಯಲ್ಲಿ ಕಾಯಿ ಮುಟ್ಟಿದರೆ ಬೆರಳಿಗೆ ಆ ಜಿಡ್ಡು, ಆ ಘಮ ಅಂಟಬೇಕು. ಅಂಟದಿದ್ದರೆ ನಾನು ಕೊಳ್ಳುವುದಿಲ್ಲ.

ಟೆಕ್ಕಿ_ತೊಂಡೆ

ಬೀದಿ ದೀಪದಿಂದ ಹೂ ಬಿಡಲ್ಲ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ? ಗೊಬ್ಬರ ಜಾಸ್ತಿ ಆಗಿರಬೇಕು.

ಮಹಡಿಹೀರೆ, ಅದೇ ರಾತ್ರಿ

ಜಾಸ್ತಿ ಆಗಿಲ್ಲ! ಈಗ ತಾನೇ ಟಾರ್ಚ್ ಹಿಡಿದು ಹತ್ತಿ ಬಂದೆ. ಬಳ್ಳಿಯ ಒಂದು ತುದಿ ಸಿಂಟೆಕ್ಸ್ ಟ್ಯಾಂಕ್ ಹಿಂದೆ ಹೋಗಿದೆ, ಅಲ್ಲಿ ದೀಪದ ಬೆಳಕು ಬೀಳುವುದಿಲ್ಲ, ಕಗ್ಗತ್ತಲು. ಅಷ್ಟು ಜಾಗದಲ್ಲಿ ಮಾತ್ರ ಮೂರು ಹೂಗೊನೆ, ಎರಡರಲ್ಲಿ ಬಿಳಿ ಹೂವು. ನಾನು ಯಾವತ್ತೂ ಟ್ಯಾಂಕ್ ಹಿಂದೆ ನೋಡಿಯೇ ಇರಲಿಲ್ಲ. ಟ್ಯಾಂಕಿನ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಹೂವೂ ಮುಗಿದಿದೆ. ಗೀಟು ಹಾಕಿದ ಹಾಗೆ.

ಟೆಕ್ಕಿ_ತೊಂಡೆ

ಸರಿ, ಸೋತೆ.

ಬಿತ್ತನೆಮೇಷ್ಟ್ರು

ಅದ್ಭುತ. ಫೋಟೋ ಹಾಕಿ. ಪ್ಯಾರಾಪೆಟ್‌ನ ದೀಪದ ಕಡೆಗೆ ಗೋಣಿಚೀಲದ ಪರದೆ ಕಟ್ಟಿ. ದಪ್ಪಗೆ, ಎರಡು ಪದರ. ಒಂದು ರಾತ್ರಿಯೂ ಮರೆಯಬೇಡಿ.

ಸೇವಂತಿಗೆಸಾಲು

ಮೊಗ್ಗು ಕಾಣೋಕೆ ಮೂರು ನಾಲ್ಕು ವಾರ ಬೇಕು. ದಿನಾ ಹೋಗಿ ಎಲೆ ಎತ್ತಿ ನೋಡಬೇಡಿ. ನೋಡುತ್ತೀರಿ ಅಂತ ಗೊತ್ತು.

ಶಿಡ್ಲಘಟ್ಟ_ಗೂಡು

ಕಾಲ ಕಳೆಯೋಕೆ ಕೆಲಸ ಬೇಕು ಅಂದಿರಿ, ಸಿಕ್ಕಿತಲ್ಲ.

ಮಹಡಿಹೀರೆ, ಜನವರಿ 7

ವರದಿ. ಪರದೆಗೆ ರಾಗಿ ತಂದ ಎಂಟು ಗೋಣಿಚೀಲ ಬಿಚ್ಚಿ ಹೊಲಿದೆ. ಎದುರು ಮನೆಯವರು "ಏನ್ರೀ, ನಮ್ಮನ್ನ ನೋಡಬಾರದು ಅಂತಾನಾ?" ಅಂತ ಕೇಳಿದರು. ಅವರೆಗೆ ನಿದ್ದೆ ಬರಲಿ ಅಂತ ಅಂದೆ. ಅಂದಿನಿಂದ ಸ್ವಲ್ಪ ದೂರವೇ ಇದ್ದಾರೆ.

ಮಲ್ಲಿಗೆ ಬೋಳಾಗಿದೆ, ನೋಡಿದರೆ ನಿಜಕ್ಕೂ ಅಳು ಬರುತ್ತದೆ. ಸೈಟು ಅರ್ಧ ಅಗೆದೆ, ಬೆನ್ನು ಹಿಡಿದುಕೊಂಡಿತು, ಉಳಿದರ್ಧ ಮುಂದಿನ ವಾರ. ಮೈನಾ ಬಂದವು, ಬೆಳ್ಳಕ್ಕಿ ಬರಲಿಲ್ಲ. ಹಳೇ ಡಬ್ಬಿಯ ಸೋರೆ ಬೀಜ ಪರೀಕ್ಷೆಯಲ್ಲಿ ಹತ್ತಕ್ಕೆ ಆರು. ಈರುಳ್ಳಿ ಸೊನ್ನೆ.

ಅವರೆ: ಪರದೆ ಹಾಕಿ ಇಪ್ಪತ್ತೈದನೇ ದಿನ, ಅಂದರೆ ನಿನ್ನೆ ಬೆಳಿಗ್ಗೆ, ದೀಪದ ಕಡೆಯ ಬಳ್ಳಿಯಲ್ಲಿ ಅಕ್ಕಿ ಕಾಳಿನಷ್ಟು ಮೊಗ್ಗು. ಎಣಿಸಿದೆ, ಹನ್ನೊಂದು ಗೊನೆ. ಹಬ್ಬಕ್ಕೆ ಕಾಯಿ ಆಗುವುದಿಲ್ಲ, ಗೊತ್ತು. ಟ್ಯಾಂಕ್ ಹಿಂದಿನದ್ದು ಮಾತ್ರ ಬಲಿಯುತ್ತಿದೆ. ಬಿಡಿಸಿದರೆ ಒಂದು ಹಿಡಿ ಕಾಳು ಬರಬಹುದು.

ಅಜ್ಜಿಡಬ್ಬಿ

ಆ ಒಂದು ಹಿಡಿ ತಿನ್ನಬೇಡಿ, ಬೀಜಕ್ಕೆ ಬಿಡಿ.

ಸೊಗಡು_ಕೋಲಾರ

ಅಜ್ಜಿಡಬ್ಬಿ ಮಾತು ಕೇಳಬೇಡಿ. ಅಂಗಡಿಯದ್ದು ಅರ್ಧ ಕೆ.ಜಿ. ಬೆರೆಸಿ ಹಿತಕಿದಬೇಳೆ ಸಾರು ಮಾಡಿ. ಯಾವ ದಿನ ಅಂತ ಮಾತ್ರ ಹೇಳಿ, ಅಡ್ರೆಸ್ ಬೇಡ, ವಾಸನೆ ಹಿಡಿದು ಬರುತ್ತೇನೆ.